ಶಾರ್ಟ್‌ಸ್ಟಾಪ್ ಯಾವ ಬೇಸ್ ಕಾಯುತ್ತಾನೆ?

ಬೇಸ್‌ಬಾಲ್‌ನಲ್ಲಿ ಓಟಗಾರ ಒಂದಾದ ಮೇಲೊಂದರಂತೆ ಮುಟ್ಟಬೇಕಾದ ಮೂರು ಬೇಸ್‌ಗಳಿಗೂ ಕಾಯಲು ಒಬ್ಬೊಬ್ಬ ಆಟಗಾರ ಇರುವಾಗ, ಯಾವ ಬೇಸ್‌ಗೂ ಸೇರದ ಶಾರ್ಟ್‌ಸ್ಟಾಪ್ ಏಕೆ ಬೇಕು ಎಂದು ಕೇಳಿದ್ದೀರಿ. ಬೇಸ್‌ಬಾಲ್ ಕಲಿಯುವವರು ಮೊದಲು ಕೇಳಬೇಕಾದ ಪ್ರಶ್ನೆಯೇ ಇದು.

ಬೇಸ್‌ನಿಂದ ಬೇಸ್‌ಗೆ 90 ಅಡಿ ಅಂತರವಿದೆ. ಬಲಗೈ ಬ್ಯಾಟರ್‌ಗಳೇ ಹೆಚ್ಚಾಗಿರುವುದರಿಂದ, ಮತ್ತು ಅವರು ಹೊಡೆದ ನೆಲಚೆಂಡು ಸಾಮಾನ್ಯವಾಗಿ ಅವರಿಗೆ ಎಡಕ್ಕೆ ಕಾಣುವ ಭಾಗದತ್ತ ಹೋಗುವುದರಿಂದ, ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವಿನ ಜಾಗವನ್ನು ತೆರವಾಗಿ ಬಿಡುವಂತಿಲ್ಲ. ಅಲ್ಲಿ ನಿಲ್ಲುವವನೇ ಶಾರ್ಟ್‌ಸ್ಟಾಪ್. ಚೆಂಡನ್ನು ಹಿಡಿದು, ಬ್ಯಾಟರ್ ಓಡಿ ಮುಟ್ಟುವುದರೊಳಗೆ ದೂರದ ಮೊದಲ ಬೇಸ್‌ಗೆ ಅದನ್ನು ಎಸೆಯಬೇಕಾದ್ದರಿಂದ, ಚುರುಕು ಕಾಲು ಮತ್ತು ಗಟ್ಟಿ ತೋಳು ಎರಡೂ ಇರುವವನಿಗೇ ಈ ಸ್ಥಾನ ಸಲ್ಲುತ್ತದೆ. ನನ್ನ ದೃಷ್ಟಿಯಲ್ಲಿ, ಬ್ಯಾಟರ್‌ನತ್ತ ಚೆಂಡೆಸೆಯುವ ಪಿಚರ್ ಮತ್ತು ಬ್ಯಾಟರ್‌ನ ಹಿಂದೆ ಕೂತು ಅದನ್ನು ಹಿಡಿಯುವ ಕ್ಯಾಚರ್‌ನನ್ನು ಬಿಟ್ಟರೆ ಇದೇ ಅತ್ಯಂತ ಕಠಿಣ ಸ್ಥಾನ.

ಮೊದಲ ಬೇಸ್‌ನಲ್ಲಿ ಓಟಗಾರನಿದ್ದಾಗ ವಿಶೇಷವಾಗಿ ಗಮನಿಸಿ. ನೆಲಚೆಂಡು ಬಿದ್ದೊಡನೆ, ಹಿಂದಿನಿಂದ ಬರುವ ಬ್ಯಾಟರ್‌ಗೆ ಜಾಗ ಬಿಟ್ಟು ಅವನು ಎರಡನೆಯ ಬೇಸ್‌ಗೆ ಓಡಲೇಬೇಕು. ಶಾರ್ಟ್‌ಸ್ಟಾಪ್ ಎಸೆದ ಚೆಂಡನ್ನು ಎರಡನೆಯ ಬೇಸ್‌ಮನ್ ಹಿಡಿದು, ಬೇಸ್ ತುಳಿದು, ತಕ್ಷಣ ಮೊದಲ ಬೇಸ್‌ಗೆ ದಾಟಿಸಿದರೆ ಇಬ್ಬರೂ ಔಟ್. ಮೂರು ಔಟ್‌ಗೆ ಸರದಿಯೇ ಮುಗಿಯುವ ಆಟದಲ್ಲಿ ಇದು ಬಹು ದೊಡ್ಡ ಲಾಭ.

ಅಂಕಪಟ್ಟಿಯಲ್ಲಿ ಇದನ್ನು 6-4-3 ಎಂದು ಬರೆಯುತ್ತಾರೆ: ಪಿಚರ್ 1, ಕ್ಯಾಚರ್ 2, ಬೇಸ್‌ಮನ್‌ಗಳು ಕ್ರಮವಾಗಿ 3, 4, 5, ಶಾರ್ಟ್‌ಸ್ಟಾಪ್ 6, ಹೊರಮೈದಾನದ ಮೂವರು ಬ್ಯಾಟರ್‌ನ ಕಡೆಯಿಂದ ನೋಡಿದಂತೆ ಎಡದಿಂದ ಬಲಕ್ಕೆ 7, 8, 9. ಇವು ಸ್ಥಾನದ ಸಂಖ್ಯೆಗಳೇ ಹೊರತು ಅಂಗಿಯ ಮೇಲಿನ ಸಂಖ್ಯೆಗಳಲ್ಲ.