ಆನ್‌ಲೈನಿನಲ್ಲಿ ಪ್ರಾಚೀನ ಬ್ರಿಟಿಷ್ ಸಾಹಿತ್ಯದ ಕೋರ್ಸ್: ಕೆಲಸದಲ್ಲಿದ್ದುಕೊಂಡು ಓದಿ ಮುಗಿಸಬಹುದೇ?

ನೀವು ಕೇಳಿರುವುದು ಎರಡು ಪ್ರಶ್ನೆ. ಎಂಜಿನಿಯರಿಂಗ್ ಓದಿ ಈಗ ಟೆಕ್ಸಾಸಿನಲ್ಲಿ ಉದ್ಯೋಗದಲ್ಲಿರುವ ನಿಮಗೆ, ಕಮ್ಯುನಿಟಿ ಕಾಲೇಜಿನ ‘ಬ್ರಿಟಿಷ್ ಲಿಟರೇಚರ್ 1’ ಕೋರ್ಸನ್ನು ಆನ್‌ಲೈನಿನಲ್ಲಿ ತೆಗೆದುಕೊಂಡರೆ ಆ ಹಳೆಯ ಇಂಗ್ಲಿಷ್ ತಲೆಗೆ ಹತ್ತುತ್ತದೆಯೇ ಎಂಬುದು ಒಂದು. ಕೆಲಸದ ಜೊತೆಗೆ ಅದನ್ನು ನಿಭಾಯಿಸಲು ಆಗುತ್ತದೆಯೇ ಎಂಬುದು ಇನ್ನೊಂದು. ಇದೇ ಕೋರ್ಸನ್ನು ಇದೇ ರಾಜ್ಯದಲ್ಲಿ, ಉದ್ಯೋಗದಲ್ಲಿದ್ದುಕೊಂಡೇ ಮುಗಿಸಿದವನಾಗಿ ಉತ್ತರಿಸುತ್ತಿದ್ದೇನೆ. ಭಾಷೆ ನೀವು ಹೆದರಿರುವಷ್ಟು ಕಷ್ಟದ್ದಲ್ಲ, ಆದರೆ ವಾರವಾರದ ಓದು ನೀವು ಅಂದಾಜು ಮಾಡಿರುವುದಕ್ಕಿಂತ ಹೆಚ್ಚು. ಇವೆರಡಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ಕಾಲದ ಕಾವ್ಯದ ಬಹುಭಾಗ ಕಿವಿಗಾಗಿ ರಚನೆಯಾದದ್ದು. ಆನ್‌ಲೈನ್ ಕೋರ್ಸಿನಲ್ಲಿ ಗಟ್ಟಿಯಾಗಿ ಓದಿ ತೋರಿಸುವ ಮೇಷ್ಟ್ರು ಎದುರಿಗಿರುವುದಿಲ್ಲವಾದ್ದರಿಂದ, ಆ ಕೆಲಸವನ್ನು ನೀವೇ ಮಾಡಿಕೊಳ್ಳದಿದ್ದರೆ ಅಂಕ ಬಂದರೂ ಸಾಹಿತ್ಯ ಬರುವುದಿಲ್ಲ.

ಮೊದಲು ಕೋರ್ಸಿನ ಹರವು ಎಷ್ಟೆಂದು ತಿಳಿದುಕೊಳ್ಳಿ. ಟೆಕ್ಸಾಸಿನ ಸಾರ್ವಜನಿಕ ಕಾಲೇಜುಗಳಲ್ಲಿ 2322 ಎಂಬ ಸಂಖ್ಯೆಯಲ್ಲಿ ನಡೆಯುವ ಈ ಕೋರ್ಸು ಆಂಗ್ಲೋ-ಸ್ಯಾಕ್ಸನ್ ಕಾಲದಿಂದ ಹೊರಟು 18ನೆಯ ಶತಮಾನದವರೆಗೆ ಬರುತ್ತದೆ. ಸಾವಿರ ವರ್ಷಗಳನ್ನು ಒಂದು ಸೆಮಿಸ್ಟರಿನಲ್ಲಿ ದಾಟಬೇಕಾಗಿರುವುದರಿಂದ ಹಳೆಯ ಇಂಗ್ಲಿಷಿನ ವೀರಕಾವ್ಯ ‘ಬಿಯೋವುಲ್ಫ್’ಗೆ ಎರಡು ವಾರ, 14ನೆಯ ಶತಮಾನದ ಕವಿ ಚಾಸರನಿಗೆ ಎರಡು ವಾರ, 17ನೆಯ ಶತಮಾನದ ಕವಿ ಮಿಲ್ಟನ್ನನಿಗೆ ಒಂದೂವರೆ ವಾರ ಸಿಕ್ಕರೆ ಹೆಚ್ಚು. ಮೂರು ಕ್ರೆಡಿಟ್ಟಿನ ಕೋರ್ಸೆಂದರೆ, ಅಮೆರಿಕದ ಲೆಕ್ಕದಲ್ಲಿ, ವಾರಕ್ಕೆ ಮೂರು ಗಂಟೆಯ ಪಾಠ ಮತ್ತು ಆರು ಗಂಟೆಯ ಸ್ವಂತ ಓದು. ಬೇಸಿಗೆಯಲ್ಲಿ ಅದೇ ಕೋರ್ಸನ್ನು ಎಂಟು ವಾರಕ್ಕೆ ಅದುಮಿದಾಗ ಆ ಒಂಬತ್ತು ಗಂಟೆ ಹೆಚ್ಚುಕಡಿಮೆ ಹದಿನೆಂಟಾಗುತ್ತದೆ. ಕೆಲಸದಲ್ಲಿರುವವರು ಬೇಸಿಗೆಯ ಈ ರೂಪವನ್ನು ಮುಟ್ಟಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಭಾಷೆಯ ವಿಷಯ. ‘ಬಿಯೋವುಲ್ಫ್’ ಕಾವ್ಯವನ್ನು ಮೂಲದಲ್ಲಿ ಓದಿ ಎಂದು ಇಂಥ ಕೋರ್ಸಿನಲ್ಲಿ ಯಾರೂ ಹೇಳುವುದಿಲ್ಲ. ಇಂಥ ಕೋರ್ಸುಗಳಲ್ಲಿ ಪಠ್ಯವಾಗಿ ಬಳಸುವ ನಾರ್ಟನ್ ಸಂಕಲನದಲ್ಲಿ ಇರುವುದು ಐರಿಷ್ ಕವಿ ಸೀಮಸ್ ಹೀನಿಯ ಆಧುನಿಕ ಇಂಗ್ಲಿಷ್ ಅನುವಾದ. ಪಂಪಭಾರತವನ್ನು ಗದ್ಯಾನುವಾದ ಪಕ್ಕಕ್ಕಿಟ್ಟುಕೊಂಡು ಓದಿದ ಯಾರಿಗೂ ಈ ಏರ್ಪಾಡು ಹೊಸದಲ್ಲ. ಕಾಲವೂ ಹತ್ತಿರದ್ದೇ: ಪಂಪ ತನ್ನ ಕಾವ್ಯಗಳನ್ನು ಮುಗಿಸಿದ್ದು 941ರ ಸುಮಾರಿಗೆ, ‘ಬಿಯೋವುಲ್ಫ್’ ಉಳಿದುಬಂದಿರುವ ಏಕೈಕ ಹಸ್ತಪ್ರತಿ ಬರೆದದ್ದು 1000ದ ಆಸುಪಾಸಿನಲ್ಲಿ. ಆ ಪ್ರತಿ 1731ರಲ್ಲಿ ಲಂಡನ್ನಿನ ಆಶ್‌ಬರ್ನಮ್ ಹೌಸಿಗೆ ಬಿದ್ದ ಬೆಂಕಿಯಲ್ಲಿ ಅಂಚು ಸುಟ್ಟುಕೊಂಡು ಪಾರಾಯಿತು. ಅಂದು ಅದು ಬೂದಿಯಾಗಿದ್ದರೆ 3182 ಸಾಲುಗಳ ಈ ಕಾವ್ಯವೇ ನಮಗಿರುತ್ತಿರಲಿಲ್ಲ. ಕೆಂಟಕಿ ವಿಶ್ವವಿದ್ಯಾಲಯದ ‘ಎಲೆಕ್ಟ್ರಾನಿಕ್ ಬಿಯೋವುಲ್ಫ್’ ತಾಣದಲ್ಲಿ ಪುಟಗಳ ಚಿತ್ರಗಳನ್ನು ಪುಕ್ಕಟೆಯಾಗಿ ನೋಡಬಹುದು. ಕರಿಹಿಡಿದ ಅಂಚಿನಲ್ಲಿ ಅಕ್ಷರಗಳು ಎಲ್ಲಿ ನಿಂತುಹೋಗಿವೆ ಎಂಬುದನ್ನು ಒಮ್ಮೆ ನೋಡಿದರೆ, ಸಂಪಾದಕರು ಕಂಸದೊಳಗೆ ಹಾಕಿರುವ ಪದಗಳು ಏಕೆ ಅಲ್ಲಿವೆ ಎಂಬುದು ತಾನಾಗಿ ತಿಳಿಯುತ್ತದೆ.

ಅನುವಾದದಲ್ಲಿ ಕಥೆ ಬರುತ್ತದೆ, ನಾದ ಪೂರ್ತಿ ಬರುವುದಿಲ್ಲ. ಮೂಲದ ಪ್ರತಿ ಸಾಲೂ ನಡುವೆ ಒಂದು ನಿಲುಗಡೆಯಿಂದ ಎರಡು ತುಂಡಾಗುತ್ತದೆ, ತುಂಡಿಗೆ ಎರಡರಂತೆ ನಾಲ್ಕು ಒತ್ತುಗಳಿರುತ್ತವೆ, ಮತ್ತು ಮೂರನೆಯ ಒತ್ತಿನ ಆರಂಭದ ಧ್ವನಿ ಮೊದಲೆರಡರಲ್ಲಿ ಒಂದರೊಡನೆಯಾದರೂ ಹೊಂದಬೇಕು. ನಾಲ್ಕನೆಯದು ಸಾಮಾನ್ಯವಾಗಿ ಹೊಂದುವುದಿಲ್ಲ. ನಮ್ಮ ವೃತ್ತ, ಕಂದಗಳಲ್ಲಿ ಎರಡನೆಯ ಅಕ್ಷರದ ಪ್ರಾಸ ಸಾಲಿಗೆ ಸಾಲನ್ನು ಕಟ್ಟುತ್ತದಷ್ಟೆ. ಅಲ್ಲಿ ಆರಂಭದ ಧ್ವನಿ ಒಂದೇ ಸಾಲಿನ ಎರಡು ಅರ್ಧಗಳನ್ನು ಕಟ್ಟುತ್ತದೆ. ಪ್ರಾಸವೆಂದರೆ ಸಾಲಿನ ಕೊನೆಯಲ್ಲೇ ಇರಬೇಕೆಂದುಕೊಂಡಿರುವ ಸಹಪಾಠಿಗಳಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ಹಳಗನ್ನಡ ಕೇಳಿದವರ ಕಿವಿ ಬೇಗ ಹಿಡಿಯುತ್ತದೆ. ಮೊದಲ ಹತ್ತು ಹನ್ನೆರಡು ಸಾಲುಗಳ ಧ್ವನಿಮುದ್ರಿಕೆಯನ್ನು ಹುಡುಕಿ, ಪಠ್ಯದ ಮೇಲೆ ಬೆರಳಿಟ್ಟುಕೊಂಡು ಕೇಳಿ.

ಚಾಸರನ ವಿಷಯದಲ್ಲಿ ನನ್ನದು ಸ್ವಲ್ಪ ಹಟದ ಮಾತು: ಯಾತ್ರಿಕರು ದಾರಿಯಲ್ಲಿ ಹೇಳುವ ಕಥೆಗಳ ‘ಕ್ಯಾಂಟರ್ಬರಿ ಟೇಲ್ಸ್’ ಕೃತಿಯನ್ನು ಆಧುನಿಕ ಇಂಗ್ಲಿಷಿನ ರೂಪಾಂತರದಲ್ಲಿ ಓದಬೇಡಿ. ಆತ ತೀರಿಕೊಂಡದ್ದು 1400ರಲ್ಲಿ. ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸ್ಥಾನ ಬದಲಿಸಿ, ಬರೆಯುವುದೊಂದು ಉಚ್ಚರಿಸುವುದೊಂದು ಎಂಬ ಇಂದಿನ ಸ್ಥಿತಿ ಬಂದದ್ದು ಬಹುಮಟ್ಟಿಗೆ ಅವನ ನಂತರ. ಆದ್ದರಿಂದ ಅವನ ಸಾಲುಗಳನ್ನು ಹೆಚ್ಚುಕಡಿಮೆ ಬರೆದಂತೆಯೇ ಓದಬೇಕು: ‘ನೈಟ್’ (knight) ಎಂಬಲ್ಲಿ ಮೊದಲ ಕಕಾರವೂ ನಡುವಿನ ಖಕಾರದಂಥ ಧ್ವನಿಯೂ ಕೇಳಿಸಬೇಕು, ‘ಟೈಮ್’ ಎಂಬುದು ‘ಟೀಮ’ ಎಂಬಂತೆ ಹೊರಡಬೇಕು. ಬರೆದದ್ದನ್ನೆಲ್ಲ ಉಚ್ಚರಿಸುವ ಅಭ್ಯಾಸದಲ್ಲಿ ಬೆಳೆದ ಕನ್ನಡಿಗರಿಗೆ ಇದು ಅಮೆರಿಕದವರಿಗಿಂತ ಸುಲಭ. ಹಾರ್ವರ್ಡ್ ವಿಶ್ವವಿದ್ಯಾಲಯದ ಚಾಸರ್ ತಾಣದಲ್ಲಿ ಸಾಲಿನ ಕೆಳಗೇ ಸಾಲಿನ ಅರ್ಥವಿದೆ, ದುಡ್ಡು ಕೊಡಬೇಕಾಗಿಲ್ಲ. ಮೊದಲ ನೂರು ಸಾಲು ತಿಣುಕುತ್ತೀರಿ. ಆಮೇಲೆ ಅದೇ ನಾಲ್ಕೈದು ನೂರು ಪದಗಳು ಮತ್ತೆಮತ್ತೆ ಬರುತ್ತವೆ.

ಅಂಕಗಳ ದೊಡ್ಡ ಪಾಲು ಬರುವುದು ವಾರದ ಚರ್ಚಾಬರಹದಿಂದ. ಗುರುವಾರದೊಳಗೆ ನಿಮ್ಮದೊಂದು ಬರಹ, ಭಾನುವಾರದೊಳಗೆ ಇಬ್ಬರು ಸಹಪಾಠಿಗಳಿಗೆ ಉತ್ತರ ಎಂಬಂಥ ಕ್ರಮ ಸಾಮಾನ್ಯ. ‘ಚಾಸರ್ ಸ್ತ್ರೀಯರನ್ನು ಚಿತ್ರಿಸಿದ ಬಗೆ’ ಎಂದು ವಿಶಾಲವಾಗಿ ಬರೆಯುವವರಿಗೆ ಹತ್ತಕ್ಕೆ ಏಳು ಬರುತ್ತದೆ. ಒಂದೇ ಒಂದು ವಿವರವನ್ನು ಹಿಡಿದು ಎಳೆಯಿರಿ. ಉದಾಹರಣೆಗೆ, ಚಾಸರನ ಯಾತ್ರಿಕರಲ್ಲಿ ಒಬ್ಬಳಾದ ವೈಫ್ ಆಫ್ ಬಾತ್ ಎಂಬಾಕೆಯನ್ನು ಪೀಠಿಕೆಯಲ್ಲಿ ಪರಿಚಯಿಸುವಾಗ ಆಕೆಗೆ ಸ್ವಲ್ಪ ಕಿವುಡು ಎಂದು ಕವಿ ಮೊದಲಿಗೇ ಹೇಳಿ ಕಾರಣ ತಿಳಿಸದೆ ಮುಂದೆ ಹೋಗುತ್ತಾನೆ. ಕಾರಣ ಗೊತ್ತಾಗುವುದು ಬಹಳ ಮುಂದೆ, ಆಕೆಯದೇ ಬಾಯಲ್ಲಿ. ಐದನೆಯ ಗಂಡ ರಾತ್ರಿಗಳಲ್ಲಿ ಕೆಟ್ಟ ಹೆಂಡಿರ ಕಥೆಗಳ ಪುಸ್ತಕವನ್ನು ಓದಿ ಹೇಳುತ್ತಿದ್ದ. ರೋಸಿಹೋಗಿ ಆಕೆ ಹಾಳೆ ಹರಿದಳು, ಅವನು ತಲೆಗೆ ಹೊಡೆದ, ಒಂದು ಕಿವಿ ಹೋಯಿತು. ಹೆಂಗಸರ ವಿರುದ್ಧ ಗಂಡಸರು ಬರೆದ ಮಾತನ್ನು ಕೇಳಿ ಕೇಳಿ ಕಿವಿ ಕಳೆದುಕೊಂಡವಳು ಈಗ ಇಡೀ ಯಾತ್ರಿಕರ ಗುಂಪಿಗೆ ತನ್ನ ಮಾತನ್ನು ಕೇಳಿಸುತ್ತಿದ್ದಾಳೆ. ಇಷ್ಟನ್ನು ಸಾಲಿನ ಸಂಖ್ಯೆಯೊಡನೆ ಮುನ್ನೂರು ಪದಗಳಲ್ಲಿ ಬರೆದರೆ ಸಾಕು, ವಿಮರ್ಶಕರ ಉಲ್ಲೇಖಗಳ ಆಡಂಬರ ಬೇಕಿಲ್ಲ. ಯಂತ್ರದಿಂದ ಬರೆಸಿದ ಬರಹವನ್ನು ಬೋಧಕರು ಗುರುತಿಸುವುದೂ ಇಂಥ ವಿವರದ ಕೊರತೆಯಿಂದಲೇ.

ನಮ್ಮಂಥವರಿಗೆ ನಿಜವಾಗಿ ಅಡ್ಡಬರುವುದು ಬೈಬಲ್ಲಿನ ಅಪರಿಚಯ. ‘ಬಿಯೋವುಲ್ಫ್’ ಕಾವ್ಯದ ಗ್ರೆಂಡೆಲ್ ಎಂಬ ರಕ್ಕಸ ಕಾಯಿನನ ವಂಶದವನು ಎಂದೊಡನೆ ಸಹಪಾಠಿಗಳಿಗೆ ತಮ್ಮನನ್ನು ಕೊಂದ ಅಣ್ಣನ ಕಥೆ ಹೊಳೆಯುತ್ತದೆ, ನಮಗೆ ಹೊಳೆಯದಿರಬಹುದು. ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಅಂತೂ ಆದಿಕಾಂಡದ ಕೆಲವೇ ಪುಟಗಳಿಂದ ಹತ್ತುಸಾವಿರಕ್ಕೂ ಹೆಚ್ಚು ಸಾಲುಗಳಾಗಿ ಬೆಳೆದದ್ದು. ಕೋರ್ಸು ಶುರುವಾಗುವ ಮುನ್ನ ಆದಿಕಾಂಡದ ಮೊದಲ ನಾಲ್ಕು ಅಧ್ಯಾಯಗಳನ್ನೂ ಒಂದು ಸುವಾರ್ತೆಯನ್ನೂ ಓದಿಕೊಳ್ಳಿ. ಕನ್ನಡದ ಸತ್ಯವೇದದಲ್ಲೇ ಓದಿದರೂ ನಡೆಯುತ್ತದೆ, ಒಂದು ವಾರಾಂತ್ಯದ ಕೆಲಸ.

ಪರೀಕ್ಷೆ ಹೆಚ್ಚಾಗಿ ಎಂಟು ಹತ್ತು ಸಾಲುಗಳನ್ನು ಕೊಟ್ಟು, ಯಾರದು, ಯಾವುದು, ಅಲ್ಲಿ ಅದಕ್ಕೇನು ಮಹತ್ವ ಎಂದು ಕೇಳುವ ಬಗೆಯದು. ಗಟ್ಟಿಯಾಗಿ ಓದಿದ್ದರೆ ಹೆಸರಿಲ್ಲದೆಯೂ ನಡಿಗೆಯಿಂದಲೇ ಕೃತಿ ಗೊತ್ತಾಗುತ್ತದೆ: ಉದ್ದ ಸಾಲುಗಳ ಕೊನೆಗೆ ಎರಡೇ ಉಚ್ಚಾರದ ಒಂದು ತುಂಡು, ಅದರ ಹಿಂದೆ ನಾಲ್ಕು ಗಿಡ್ಡ ಸಾಲು ಬಂದರೆ ಅದು 14ನೆಯ ಶತಮಾನದ ಕಥನಕಾವ್ಯ ‘ಸರ್ ಗಾವೇನ್’, ಕ್ರಿಯಾಪದಕ್ಕಾಗಿ ಆರು ಸಾಲು ಕಾಯಿಸಿದರೆ ಮಿಲ್ಟನ್.

ಪುಸ್ತಕವನ್ನು ಬಾಡಿಗೆಗೆ ತೆಗೆದುಕೊಳ್ಳಿ, ಆದರೆ ಬೋಧಕರು ಹೇಳಿದ ಆವೃತ್ತಿಯನ್ನೇ ತೆಗೆದುಕೊಳ್ಳಿ. ಆವೃತ್ತಿ ಬದಲಾದರೆ ಪುಟದ ಸಂಖ್ಯೆ ಮಾತ್ರವಲ್ಲ, ಕೆಲವು ಅನುವಾದಗಳೂ ಬದಲಾಗುತ್ತವೆ. ಮುಂದೆ ಪದವಿಗೆ ಕ್ರೆಡಿಟ್ ವರ್ಗಾಯಿಸುವ ಉದ್ದೇಶವಿದ್ದರೆ, ಹಣ ಕಟ್ಟುವ ಮುನ್ನ ಆ ವಿಶ್ವವಿದ್ಯಾಲಯದ ಸಲಹೆಗಾರರಿಂದ ಒಪ್ಪಿಗೆಯನ್ನು ಇಮೇಲಿನಲ್ಲಿ ಬರೆಸಿಕೊಂಡು ಇಟ್ಟುಕೊಳ್ಳಿ.