ಮಲೆನಾಡಿನ ಸಿಹಿನೀರು ಸಿಗಡಿ ಹೊಂಡದಲ್ಲಿ ಬ್ಯಾಕ್ಟೀರಿಯಾ ಹತೋಟಿಗೆ ಆ್ಯಂಟಿಬಯಾಟಿಕ್ ಬದಲು ಏನು ಬಳಸಬಹುದು?

ಮೊದಲು ಸುಣ್ಣ, ಆಮೇಲೆ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾದ ಪುಡಿ ಅಥವಾ ದ್ರಾವಣ). ತೀರ್ಥಹಳ್ಳಿ, ಹೊಸನಗರದ ಕಡೆ ಜಂಬಿಟ್ಟಿಗೆ ಮಣ್ಣು ಹುಳಿ. ಮಳೆಗಾಲದಲ್ಲಿ ನೀರಿನ ಕ್ಷಾರತೆ ಇನ್ನಷ್ಟು ಇಳಿದು ಸಿಗಡಿಯ ಚಿಪ್ಪು ಮೆತ್ತಗಾಗುತ್ತದೆ. ಗಾಯವಾದ ಚಿಪ್ಪಿನಲ್ಲೇ ಬ್ಯಾಕ್ಟೀರಿಯಾ ಕೂತು ಕಪ್ಪು ಚುಕ್ಕೆ ಮಾಡುವುದು. ಹತ್ತು ಗುಂಟೆ ಹೊಂಡಕ್ಕೆ 20–25 ಕಿಲೋ ಕೃಷಿ ಸುಣ್ಣ (ಸುಡದ ಸುಣ್ಣಕಲ್ಲಿನ ಪುಡಿ) ಎರಚಿ. ಸಿಗಡಿ ಇರುವಾಗ ಸುಟ್ಟ ಸುಣ್ಣ ಬೇಡವೇ ಬೇಡ: ಪಿಎಚ್ ಒಮ್ಮೆಲೇ ಏರಿ ಅಮೋನಿಯಾ ವಿಷವಾಗುತ್ತದೆ.

ಬ್ಯಾಸಿಲಸ್ ಪ್ರೋಬಯಾಟಿಕ್ ರೋಗಾಣುವಿನ ಜಾಗ, ಆಹಾರ ಎರಡನ್ನೂ ಕಸಿಯುತ್ತದೆ. ಪೊಟ್ಟಣದ ಮೇಲಿನ ಪ್ರಮಾಣದಲ್ಲೇ ಹಾಕಿ. ನೀರಿನಲ್ಲಿರುವ ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 15–20 ಗ್ರಾಂ ಬೆಲ್ಲ ಕರಗಿಸಿ ಕೊಟ್ಟರೆ ಒಳ್ಳೆಯ ಬ್ಯಾಕ್ಟೀರಿಯಾ ಬೆಲ್ಲದ ಜೊತೆ ಅಮೋನಿಯಾವನ್ನೂ ತಿಂದು ಬೆಳೆಯುತ್ತದೆ. ಆದರೆ ಅದು ಆಮ್ಲಜನಕವನ್ನೂ ಎಳೆಯುತ್ತದೆ. ಹಾಗಾಗಿ ಬಿಸಿಲೇರಿದ ಮೇಲೆ, ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಓಡುತ್ತಿರುವಾಗಲೇ ಬೆಲ್ಲ ಹಾಕಿ. ಆಷಾಢದ ಮೋಡದಲ್ಲಿ ಕರೆಂಟು ಹೋದ ದಿನ ಬೆಲ್ಲ ಸುರಿದರೆ ಬೆಳಗಾಗುವುದರೊಳಗೆ ಸಿಗಡಿ ದಡಕ್ಕೆ ಬಂದಿರುತ್ತವೆ.

ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಕ್ಲೋರಿನ್ ಪೂರ್ತಿ ಹೋಗುವವರೆಗೆ ಪ್ರೋಬಯಾಟಿಕ್ ಹಾಕಬೇಡಿ, ಸತ್ತೇ ಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ಮೇವು ತಟ್ಟೆಯಲ್ಲಿ ಎರಡು ಗಂಟೆಯ ನಂತರ ಮೇವು ಉಳಿದಿದ್ದರೆ, ಮುಂದಿನ ಹೊತ್ತಿನ ಮೇವು ಕಡಿಮೆ ಮಾಡಿ. ತಳದಲ್ಲಿ ಕೊಳೆಯುವ ಮೇವೇ ರೋಗಾಣುವಿನ ತವರು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಎಂಬ ಆ್ಯಂಟಿಬಯಾಟಿಕ್‌ಗಳಂತೂ ಸಿಗಡಿ ಸಾಕಣೆಯಲ್ಲಿ ನಿಷೇಧಿತ. ಯಾರೇ ಕೊಟ್ಟರೂ ಮುಟ್ಟಬೇಡಿ.