ಕಪಾಟಿನ ಮೇಲಿನ ಸೂಟ್‌ಕೇಸು

ಮಂಗಳೂರಿನಿಂದ ಒಬ್ಬ ತಾಯಿ ಬರೆದಿದ್ದಾರೆ. ಈ ವಾರ ಉತ್ತರ ಕೊಡಬೇಕಾದ ಪತ್ರಗಳು ಇನ್ನೂ ನಾಲ್ಕು ಇದ್ದವು, ಎಲ್ಲವನ್ನೂ ಬದಿಗಿಟ್ಟೆ. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ವಿಷಯ ಇಷ್ಟು. ಗಂಡ ಕುವೈತಿನಲ್ಲಿದ್ದಾರೆ. ಮಗನಿಗೆ ಒಂಬತ್ತು ವರ್ಷ. ಕ್ರಿಸ್ಮಸ್‌ಗೆ ಅಂತ ಅಪ್ಪ ಒಂದು ರಿಮೋಟ್ ಕಾರು ತೆಗೆದು, ನವೆಂಬರಿನಲ್ಲಿ ರಜೆಗೆ ಬಂದ ಗೆಳೆಯರ ಕೈಯಲ್ಲಿ ಕಳಿಸಿದ್ದಾರೆ. ತಾಯಿ ಅದಕ್ಕೆ ಬಣ್ಣದ ಕಾಗದ ಸುತ್ತಿ, ಕಪಾಟಿನ ಮೇಲಿದ್ದ ಹಳೆ ಸೂಟ್‌ಕೇಸಿನಲ್ಲಿ ಬಚ್ಚಿಟ್ಟಿದ್ದಾರೆ. ಹೋದ ಭಾನುವಾರ ಮನೆಯವರೆಲ್ಲ ಅಡುಗೆಮನೆಯಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿ, ಮಾಡಲು ಕೂತಿದ್ದರು. ಒಬ್ಬರು ನೆವ್ರಿ ಕರಿಯುತ್ತಾ, ಇನ್ನೊಬ್ಬರು ಕಿಡಿಯೊ ಸುತ್ತುತ್ತಾ. ಆ ಗಲಾಟೆಯಲ್ಲಿ ಹುಡುಗ ಕುರ್ಚಿ ಹತ್ತಿ ಸೂಟ್‌ಕೇಸ್ ಇಳಿಸಿ, ಕಾಗದದ ಒಂದು ಮೂಲೆ ಬಿಚ್ಚಿ ನೋಡಿದ್ದಾನೆ. ಮತ್ತೆ ಮುಚ್ಚೋಣ ಅಂದರೆ ಸೆಲ್ಲೋಟೇಪ್ ಸಿಗಲಿಲ್ಲ. ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ತಂದು ಅಂಟಿಸುತ್ತಿದ್ದ. ಅಷ್ಟರಲ್ಲಿ ನಾದಿನಿ ಒಳಗೆ ಬಂದರು. ಬಂದವರು ಮೊದಲು ಮಾಡಿದ ಕೆಲಸ ಫೋಟೊ ತೆಗೆದದ್ದು. ಎರಡನೆಯದು, ಅದನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು: "ನಮ್ಮನೆ ಕಳ್ಳ ಸಿಕ್ಕಿಬಿದ್ದ!"

ಕುವೈತಿನಲ್ಲಿ ಕೂತ ಅಪ್ಪನೂ ನೋಡಿದರು. ಫೋನ್ ಮಾಡಿ, "ಆ ಕಾರನ್ನು ಬೇರೆ ಯಾವುದಾದರೂ ಮಗುವಿಗೆ ಕೊಟ್ಟುಬಿಡು, ಈ ವರ್ಷ ಅವನಿಗೆ ಏನೂ ಬೇಡ, ಬುದ್ಧಿ ಬರಲಿ" ಅಂದರಂತೆ. ತಾಯಿ ಕೇಳುವುದು ಎರಡು ಪ್ರಶ್ನೆ. ಕೊಡಲೋ ಬೇಡವೋ? ಕೊಡುವುದಾದರೆ, 24ರ ರಾತ್ರಿ ನೆಂಟರ ಮಕ್ಕಳ ಮುಂದೆ ಮೊದಲ ಸಲ ನೋಡಿದ ಹಾಗೆ ನಟಿಸು ಅಂತ ಅವನಿಗೆ ಹೇಳಿಕೊಡಲೋ?

ಇದೆಲ್ಲ ಎರಡು ಪುಟ. ಆಮೇಲೆ ಕೊನೆಯಲ್ಲಿ, ಬ್ರಾಕೆಟ್ಟಿನೊಳಗೆ, ಒಂದು ಸಾಲು: "ಕಳೆದ ವರ್ಷ ಇವರಿಗೆ ಕೊನೇ ಗಳಿಗೆಯಲ್ಲಿ ರಜೆ ಸಿಗಲಿಲ್ಲ, ಗಿಫ್ಟ್ ಕೂಡ ಫೆಬ್ರವರಿಯಲ್ಲಿ ಬಂತು, ಆಗ ಅವನೇನೂ ಹಟ ಮಾಡಿರಲಿಲ್ಲ."

ಅಮ್ಮಾ, ನಿಮ್ಮ ಪತ್ರ ಇರೋದೇ ಆ ಬ್ರಾಕೆಟ್ಟಿನಲ್ಲಿ.

ಆಗ ಎಂಟು ವರ್ಷದ ಹುಡುಗ. ಅಪ್ಪ ಬರ್ತಾರೆ, ಗಿಫ್ಟ್ ತರ್ತಾರೆ ಅಂತ ಎಲ್ಲರೂ ಹೇಳಿದ್ದರು. ಅಪ್ಪನೂ ಬರಲಿಲ್ಲ, ಗಿಫ್ಟೂ ಬರಲಿಲ್ಲ. ಅವನು ಅಳಲಿಲ್ಲ, ಹಟ ಮಾಡಲಿಲ್ಲ, ನೀವು ಅದನ್ನು ಒಳ್ಳೆಯ ಗುಣ ಅಂದುಕೊಂಡಿರಿ. ನನಗೆ ಮಾತ್ರ ಅಲ್ಲೇ ಹೊಟ್ಟೆಯಲ್ಲಿ ಏನೋ ಆಯಿತು. ಅಷ್ಟು ಚಿಕ್ಕ ಮಗು ಸುಮ್ನೆ ಆಗಿಬಿಟ್ಟರೆ ಮರೆತುಬಿಟ್ಟಿದೆ ಅಂತ ಅರ್ಥವಲ್ಲ. ಈ ವರ್ಷ ಅವನು ಕುರ್ಚಿ ಹತ್ತಿದ್ದು ಕಾರಿನ ಆಸೆಗೆ ಅಂತ ನನಗೆ ಅನಿಸುವುದಿಲ್ಲ. ಈ ಸಲವಾದರೂ ದೊಡ್ಡವರು ಹೇಳಿದ್ದು ನಿಜವೇ ಅಂತ ನೋಡಲು ಹತ್ತಿದ. ಒಂದು ಮೂಲೆ ಬಿಚ್ಚಿದ, ಇದೆ ಅಂತ ಗೊತ್ತಾಯಿತು, ಮುಚ್ಚಿಬಿಟ್ಟ. ಪೂರ್ತಿ ಹರಿಯಲಿಲ್ಲ, ಹೊರಗೆ ತೆಗೆದು ಆಡಲಿಲ್ಲ. ಗಾಯವಾದಾಗ ನೀವು ಅವನ ಮೊಣಕಾಲಿಗೆ ಹಚ್ಚುವ ಪ್ಲಾಸ್ಟರನ್ನೇ ತಂದು ಕಾಗದಕ್ಕೆ ಹಚ್ಚಿದ. ಇದನ್ನು ಕಳ್ಳತನ ಅಂತ ಕರೆಯಲು ಬಾಯಾದರೂ ಹೇಗೆ ಬರುತ್ತದೆ?

ಸುಮ್ನೆ ಮಮತೆಗೆ ಹೇಳ್ತಿದ್ದೇನೆ ಅಂದುಕೊಳ್ಳಬೇಡಿ. ಮಿಠಾಯಿ ಮುಂದಿಟ್ಟು ಮಕ್ಕಳ ತಾಳ್ಮೆ ನೋಡುವ ಪರೀಕ್ಷೆಯ ಬಗ್ಗೆ ನೀವು ಕೇಳಿರಬಹುದು. ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1960ರ ದಶಕದ ಕೊನೆಯಲ್ಲಿ ಮಾಡಿದ್ದು. ಈಗ ತಿನ್ನದೆ ಕಾದರೆ ಎರಡು ಸಿಗುತ್ತದೆ ಅಂತ ಹೇಳಿ ಮಗುವನ್ನು ಒಂಟಿಯಾಗಿ ಬಿಡುವುದು. ಕಾಯದ ಮಕ್ಕಳಿಗೆ ಸಂಯಮ ಕಡಿಮೆ ಅಂತ ಜನ ಎಷ್ಟೋ ವರ್ಷ ಹೇಳಿಕೊಂಡು ಬಂದರು. ಆಮೇಲೆ ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಜೊತೆಯವರು ಇದನ್ನೇ ಬೇರೆ ಥರ ಮಾಡಿದರು. 2013ರಲ್ಲಿ ಪ್ರಕಟವಾಯಿತು. ಮೂರರಿಂದ ಐದು ವರ್ಷದ 28 ಮಕ್ಕಳು. ಮೊದಲು ಅವರಿಗೆ ಬಳಸಿ ಸವೆದ ಕ್ರೇಯಾನ್ ಕೊಟ್ಟು, "ತಡಿ, ಒಳ್ಳೇದು ತರ್ತೀನಿ" ಅಂತ ಹೇಳಿ ಹೋಗುವುದು. ಅರ್ಧ ಮಕ್ಕಳಿಗೆ ಹೇಳಿದ ಹಾಗೇ ತಂದುಕೊಟ್ಟರು. ಇನ್ನರ್ಧ ಮಕ್ಕಳ ಹತ್ತಿರ ಬರಿಗೈಯಲ್ಲಿ ಬಂದು, "ಅಯ್ಯೋ ಇಲ್ಲವಂತೆ" ಅಂದರು. ಇಷ್ಟಾದ ಮೇಲೆ ಮಿಠಾಯಿ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದವರು ಮೂರೇ ನಿಮಿಷ.

ಆ ಮಕ್ಕಳಿಗೆ ಸಿಕ್ಕದೆ ಹೋದದ್ದು ಕ್ರೇಯಾನು, ಅದೂ ಗುರುತಿಲ್ಲದ ಯಾರಿಂದಲೋ. ನಿಮ್ಮ ಮಗನಿಗೆ ಸಿಕ್ಕದೆ ಹೋದದ್ದು ಅಪ್ಪ.

ನನ್ನನ್ನೇ ನೋಡಿ. ನಾನು ಪುತ್ತೂರಿನ ಕಡೆಯವಳು, ನಮಗೆ ದೀಪಾವಳಿ. ಹೊಸ ಲಂಗ ಅಮ್ಮನ ತಗಡಿನ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಇರುತ್ತಿತ್ತು. ಮಧ್ಯಾಹ್ನ ಅಮ್ಮ ಮಲಗಿದ ಮೇಲೆ ಮುಚ್ಚಳ ಎತ್ತಿ, ಮೂಗು ಹಚ್ಚಿ ವಾಸನೆ ನೋಡಿ, ಮತ್ತೆ ಮುಚ್ಚುತ್ತಿದ್ದೆ. ಮಡಿಕೆ ಒಂದು ಚೂರು ಆಚೀಚೆ ಆಗಿದ್ದರೂ ಅಮ್ಮನಿಗೆ ಗೊತ್ತಾಗುತ್ತಿತ್ತು. ಒಂದು ದಿನವೂ ಒಂದು ಮಾತು ಆಡಲಿಲ್ಲ. ಟ್ರಂಕಿಗೆ ಬೀಗವನ್ನೂ ಹಾಕಲಿಲ್ಲ. ಅದು ಎಂಥ ದೊಡ್ಡ ಮನಸ್ಸು ಅಂತ ನನಗೆ ತಿಳಿದದ್ದು ನಾನು ತಾಯಿಯಾದ ಮೇಲೆ.

ಈಗ ನಿಮ್ಮ ನಾದಿನಿ. ನನ್ನ ಸಿಟ್ಟು ಪೂರ್ತಿ ಅವರ ಮೇಲೆ. ಮಕ್ಕಳ ತಪ್ಪು, ಮಕ್ಕಳ ಅಳು, ಮಕ್ಕಳ ಮಾರ್ಕ್ಸು, ಇವು ಮೂರನ್ನೂ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ಇನ್ನೂ ಬರೆಯುತ್ತೇನೆ. ಅವರು ಫೋಟೊ ತೆಗೆಯದೆ ಸುಮ್ನೆ ಬಾಗಿಲು ಎಳೆದುಕೊಂಡು ಹೋಗಿದ್ದರೆ ಇದು ಒಂದು ವಿಷಯವೇ ಆಗುತ್ತಿರಲಿಲ್ಲ. ಹುಡುಗ ಸಿಕ್ಕಿಬಿದ್ದದ್ದಕ್ಕಿಂತ, ಮೂವತ್ತು ಜನ ನಕ್ಕದ್ದು ಅವನಿಗೆ ಜಾಸ್ತಿ ದಿನ ನೆನಪಿರುತ್ತದೆ. ಅವರಿಗೆ ಹೇಳಿ, ಫೋಟೊ ಅಳಿಸಿ ಅವನ ಹತ್ತಿರ ತಪ್ಪಾಯ್ತು ಅನ್ನಲಿ. ಅತ್ತೆ ಆದವರು ಅಷ್ಟು ಮಾಡಲೇಬೇಕು.

ನಿಮ್ಮ ಗಂಡನ ಮೇಲೆ ನನಗೆ ಕೋಪ ಬರಲಿಲ್ಲ. ಸಾವಿರಾರು ಮೈಲಿ ದೂರದಲ್ಲಿ ಒಂದು ಕಾರು ಆರಿಸಿ ಕಳಿಸಿದ್ದಾರೆ. ಮಗ ಅದನ್ನು ಬಿಚ್ಚುವಾಗ ಆ ಮುಖ ನೋಡಬೇಕು ಅನ್ನೋದು ಅವರಿಗೆ ವರ್ಷಕ್ಕೊಂದೇ ಸುಖ. ಅದನ್ನು ಯಾರೋ ತೆಗೆದ ಫೋಟೊದಲ್ಲಿ ನೋಡಬೇಕಾಯಿತು. ಬೇಸರ ಕೋಪವಾಗಿ ಬಂದಿದೆ, ಅಷ್ಟೇ. ಆದರೆ ಕಾರನ್ನು ಬೇರೆಯವರಿಗೆ ಕೊಡುವ ಮಾತು ಬೇಡವೇ ಬೇಡ. ಹಾಗೆ ಮಾಡಿದರೆ ಸತತ ಎರಡನೇ ಕ್ರಿಸ್ಮಸ್ ಅವನ ಅನುಮಾನವೇ ನಿಜವಾಗುತ್ತದೆ. ನಟನೆಯೂ ಬೇಡ. ಪ್ಲಾಸ್ಟರ್ ಹಾಗೇ ಇರಲಿ, ರಾತ್ರಿ ಪೂಜೆ ಮುಗಿಸಿ ಬಂದು ಅದೇ ಪೊಟ್ಟಣವನ್ನು ಅವನ ಕೈಗೆ ಕೊಡಿ.

ನಿಮ್ಮ ಮನೆ ಗೋದಲಿ ನೆನಪು ಮಾಡಿಕೊಳ್ಳಿ. ಹಸು, ಕುರಿ, ಕುರುಬರು, ಎಲ್ಲ ಮೊದಲೇ ಬಂದು ನಿಂತಿರುತ್ತವೆ. ಬಾಲ ಯೇಸುವಿನ ಜಾಗ ಮಾತ್ರ 24ರ ರಾತ್ರಿವರೆಗೆ ಖಾಲಿ. ನಿಮ್ಮ ಮಗ ಆ ಖಾಲಿ ಹುಲ್ಲನ್ನು ನೋಡಿ ಗಾಬರಿಯಾಗಿದ್ದಾನಾ? ಇಲ್ಲ ಅಲ್ವಾ? ಯಾಕೆಂದರೆ ಪ್ರತಿ ವರ್ಷ ಬಂದೇ ಬರುತ್ತದೆ. ಅವನಿಗೆ ಕಾಯಲು ಚೆನ್ನಾಗಿಯೇ ಬರುತ್ತದೆ.

ಹಾಗಾಗಿ ನಾನು ಹೇಳುವ ಕೆಲಸ ಒಂದೇ, ಅದೂ ಗಂಡನಿಗೆ. ಇವತ್ತು ರಾತ್ರಿ ವಿಡಿಯೊ ಕಾಲ್ ಮಾಡಿ, ನಿಮ್ಮನ್ನು ಬಿಟ್ಟು ಮಗನೊಬ್ಬನನ್ನೇ ಕೂರಿಸಿ, ತಮ್ಮ ವಿಮಾನದ ಟಿಕೆಟ್ ತೋರಿಸಲಿ. ತಾರೀಖು, ಹೊರಡುವ ಹೊತ್ತು, ಮಂಗಳೂರಿಗೆ ಇಳಿಯುವ ಹೊತ್ತು, ಎಲ್ಲವನ್ನೂ ಹುಡುಗನೇ ಓದಿ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಲಿ. ಕಾರಿನ ಸುದ್ದಿ ಎತ್ತುವುದು ಬೇಡ. ಟಿಕೆಟ್ ಇನ್ನೂ ಆಗಿಲ್ಲ, ರಜೆ ಇನ್ನೂ ಮಂಜೂರಾಗಿಲ್ಲ ಅಂತಾದರೆ ಅದನ್ನೇ ಹೇಳಲಿ. "ಇನ್ನೂ ಗೊತ್ತಿಲ್ಲ ಮಗಾ, ಗೊತ್ತಾದ ದಿನ ಮೊದಲು ನಿನಗೇ ಫೋನ್ ಮಾಡ್ತೀನಿ" ಅಂತ. ಮತ್ತೆ ಆ ದಿನ, ಸುದ್ದಿ ಒಳ್ಳೆಯದಿರಲಿ ಕೆಟ್ಟದಿರಲಿ, ನಿಮಗಿಂತ ಮೊದಲು ಅವನಿಗೇ ಫೋನ್ ಮಾಡಬೇಕು.